ಟ್ಯಾಪ್ ಎಲ್ಲಿದೆ ಎಂದು ಕೇಳದ ಲೆಕ್ಕ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ವಿದ್ಯುತ್ ಮಾರ್ಗಗಳಿಗೆ ಶಾರ್ಟ್ ಸರ್ಕ್ಯೂಟ್ ಲೆಕ್ಕ ಹಾಕುವ ಕೆಲಸ ನನಗೆ ಒಂದು ವಿಷಯವನ್ನು ಮನದಟ್ಟು ಮಾಡಿಸಿದೆ. 'ಇಲ್ಲಿ ಫಾಲ್ಟ್ ಲೆವೆಲ್, ಎಂದರೆ ಶಾರ್ಟ್ ಆದಾಗ ಹರಿಯುವ ಕರೆಂಟ್, ಎಷ್ಟು?' ಎಂಬ ಪ್ರಶ್ನೆಗೆ ಒಂದೇ ಒಂದು ಅಂಕಿ ಉತ್ತರವಾಗಿ ಬಂದರೆ ಆ ಲೆಕ್ಕ ಅರ್ಧಕ್ಕೇ ನಿಂತಿದೆ ಎಂದು ತಿಳಿಯಬೇಕು. ಟ್ಯಾಪ್ ಬದಲಾಯಿಸಬಹುದಾದ ಟ್ರಾನ್ಸ್‌ಫಾರ್ಮರ್ ನಡುವೆ ಇದ್ದಾಗ ಒಂದು ಜಾಗಕ್ಕೆ ಕನಿಷ್ಠ ಎರಡು ಅಂಕಿ ಬೇಕು, ಗರಿಷ್ಠ ಒಂದು, ಕನಿಷ್ಠ ಇನ್ನೊಂದು. ಪುಸ್ತಕಗಳೂ ಟೆಂಡರ್ ಕಾಗದಗಳೂ ಗರಿಷ್ಠದ ಬಗ್ಗೆಯೇ ಹೆಚ್ಚು ಮಾತಾಡುತ್ತವೆ, ಏಕೆಂದರೆ ಬ್ರೇಕರ್ ಕೊಳ್ಳುವುದಕ್ಕೆ ಬೇಕಾದದ್ದು ಅದು. ನಮ್ಮ ತಾಲ್ಲೂಕುಗಳಲ್ಲಿ ಜನಕ್ಕೂ ದನಕ್ಕೂ ಅಪಾಯ ತರುವುದು ಹೆಚ್ಚಾಗಿ ಕನಿಷ್ಠದ ಅಂಕಿ. ಅದನ್ನು ಲೆಕ್ಕ ಹಾಕುವವರು ಕಡಿಮೆ. ಹಾಕಿದವರಲ್ಲೂ ಆ ಹೊತ್ತಿಗೆ ಟ್ಯಾಪ್ ಯಾವ ಸ್ಥಾನದಲ್ಲಿತ್ತು ಎಂದು ಕೇಳುವವರು ಇನ್ನೂ ಕಡಿಮೆ.

ಮೊದಲು ಎಲ್ಲರೂ ಹಾಕುವ ಲೆಕ್ಕವನ್ನೇ ನೋಡೋಣ. 66/11 ಕೆ.ವಿ. ಸಬ್‌ಸ್ಟೇಷನ್ನಿನಲ್ಲಿ 12.5 ಎಂ.ವಿ.ಎ. ಟ್ರಾನ್ಸ್‌ಫಾರ್ಮರ್ ಒಂದಿದೆ, ಅದರ ನೇಮ್ ಪ್ಲೇಟಿನಲ್ಲಿ ಇಂಪಿಡೆನ್ಸ್ ಶೇ. 10 ಎಂದಿದೆ ಎಂದುಕೊಳ್ಳಿ. ಪೂರ್ಣ ಲೋಡಿನಲ್ಲಿ 11 ಕೆ.ವಿ. ಬದಿಯ ಕರೆಂಟ್ 656 ಆಂಪಿಯರ್. ಅದನ್ನು 0.1ರಿಂದ ಭಾಗಿಸಿದರೆ 6.56 ಕಿಲೋ ಆಂಪಿಯರ್, ಎಂದರೆ 125 ಎಂ.ವಿ.ಎ. ಇದು 66 ಕೆ.ವಿ. ಬದಿ ಎಂದೂ ಕುಗ್ಗದ ಮೂಲ ಎಂದು ನಂಬಿದಾಗಿನ ಮಾತು. ನಮ್ಮ ಕಡೆಯ 66 ಕೆ.ವಿ. ಮಾರ್ಗಗಳು ಹಾಗಿಲ್ಲ. ಸ್ಟೇಷನ್ನಿನ 66 ಕೆ.ವಿ. ಬಸ್ಸಿನ (ಮಾರ್ಗಗಳೆಲ್ಲ ಬಂದು ಕೂಡುವ ವಾಹಕದ) ಫಾಲ್ಟ್ ಲೆವೆಲ್ 500 ಎಂ.ವಿ.ಎ. ಎಂದಿಟ್ಟುಕೊಂಡರೆ ಎರಡೂ ಸೇರಿ 11 ಕೆ.ವಿ. ಬಸ್ಸಿನಲ್ಲಿ ಸರಿಯಾಗಿ 100 ಎಂ.ವಿ.ಎ., 5.25 ಕಿಲೋ ಆಂಪಿಯರ್ ಸಿಗುತ್ತದೆ. ಬಹಳಷ್ಟು ವರದಿಗಳು ಇಲ್ಲಿಗೆ ಮುಗಿಯುತ್ತವೆ. ಟ್ರಾನ್ಸ್‌ಫಾರ್ಮರಿನ ಮಗ್ಗುಲಲ್ಲಿರುವ ಟ್ಯಾಪ್ ಚೇಂಜರ್ ಪೆಟ್ಟಿಗೆಯ ಸುದ್ದಿಯೇ ಅವುಗಳಲ್ಲಿ ಬರುವುದಿಲ್ಲ.

ಆ ಪೆಟ್ಟಿಗೆ ಮಾಡುವ ಕೆಲಸ ಸರಳ. ಹೈ ವೋಲ್ಟೇಜ್ ಸುರುಳಿಯ ಕೆಲವು ಸುತ್ತುಗಳನ್ನು ಸೇರಿಸುತ್ತದೆ ಅಥವಾ ಬಿಡುತ್ತದೆ, ಹಾಗಾಗಿ 66 ಕೆ.ವಿ. ಕಡೆ ಏರಿಳಿದರೂ 11 ಕೆ.ವಿ. ಕಡೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಲೋಡ್ ಹರಿಯುತ್ತಿರುವಾಗಲೇ, ಕರೆಂಟ್ ಕಡಿಯದೆ ಇದನ್ನು ಮಾಡುವ ಉಪಾಯವನ್ನು ಜರ್ಮನಿಯ ಬರ್ನ್‌ಹಾರ್ಡ್ ಯಾನ್ಸೆನ್ 1927ರಲ್ಲಿ ಪೇಟೆಂಟ್ ಮಾಡಿದರು. ಲೋಡ್ ಇರುವಾಗಲೇ ಬದಲಾಗುವ ಇಂದಿನ ಟ್ಯಾಪ್ ಚೇಂಜರುಗಳಲ್ಲಿ (ಓ.ಎಲ್.ಟಿ.ಸಿ.) ಹೆಚ್ಚಿನವು ಆ ದಾರಿಯಲ್ಲೇ ಬಂದವು. ಶೇ. +5ರಿಂದ –15ರವರೆಗೆ, ಒಂದೊಂದು ಮೆಟ್ಟಿಲಿಗೆ ಶೇ. 1.25ರಂತೆ 17 ಸ್ಥಾನಗಳಿರುವುದು ಇಂಥ ಟ್ರಾನ್ಸ್‌ಫಾರ್ಮರುಗಳಲ್ಲಿ ಸಾಮಾನ್ಯ. ಸುತ್ತುಗಳು ಬದಲಾದರೆ ಎರಡು ಸಂಗತಿ ಬದಲಾಗುತ್ತವೆ. ಒಂದು ಅನುಪಾತ. ಇನ್ನೊಂದು ಇಂಪಿಡೆನ್ಸ್. ಈ ಎರಡು ಒಂದೇ ಪ್ರಮಾಣದಲ್ಲಿ ಬದಲಾಗುವುದಿಲ್ಲ. ಇಂಪಿಡೆನ್ಸ್ ಏರುತ್ತದೋ ಇಳಿಯುತ್ತದೋ ಎಂಬುದು ಟ್ಯಾಪ್ ಸುರುಳಿಯನ್ನು ತಯಾರಕರು ಕೋರಿನ ಮೇಲೆ ಎಲ್ಲಿ ಕೂರಿಸಿದ್ದಾರೆ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಊಹಿಸಿ ಬರೆಯಲು ಬರುವುದಿಲ್ಲ, ಟೆಸ್ಟ್ ರಿಪೋರ್ಟ್ ತೆಗೆಯಬೇಕು. ಟ್ಯಾಪಿನ ವ್ಯಾಪ್ತಿ ಶೇ. 5ಕ್ಕಿಂತ ಹೆಚ್ಚಿದ್ದರೆ ಮುಖ್ಯ ಟ್ಯಾಪಿನ ಜೊತೆ ಎರಡೂ ತುದಿಯ ಟ್ಯಾಪುಗಳಲ್ಲಿ ಇಂಪಿಡೆನ್ಸ್ ಅಳೆಯಬೇಕು ಎಂಬುದು ಅಂತರರಾಷ್ಟ್ರೀಯ ಮಾನಕದ ನಿಯಮವೇ. ಹಾಗಾಗಿ ಈ ಅಂಕಿಗಳು ಎಲ್ಲೋ ಒಂದು ಕಡತದಲ್ಲಿ ಇದ್ದೇ ಇರುತ್ತವೆ.

ಅಂಕಿ ಸಿಕ್ಕಿದರೂ ಅದನ್ನು ಬಳಸುವಲ್ಲಿ ಜಾರುವ ಜಾಗವೊಂದಿದೆ, ಅದರ ಮೇಲೆ ಸ್ವಲ್ಪ ನಿಲ್ಲಬೇಕು. ಕೆಳತುದಿಯ ಟ್ಯಾಪಿನಲ್ಲಿ ಇಂಪಿಡೆನ್ಸ್ ಶೇ. 10.9 ಎಂದು ರಿಪೋರ್ಟ್ ಹೇಳಿದರೆ, ಆ ಶೇಕಡಾವಾರು ಆ ಟ್ಯಾಪಿನ ವೋಲ್ಟೇಜಿಗೆ ಸಂಬಂಧಿಸಿದ್ದು. ಎಂದರೆ 66ಕ್ಕಲ್ಲ, ಅದರ ಶೇ. 85 ಆದ 56.1 ಕೆ.ವಿ.ಗೆ. ಓಮಿನಲ್ಲಿ ಬರೆದರೆ ಹೈ ವೋಲ್ಟೇಜ್ ಬದಿಯಲ್ಲಿ ಅದು 27.4 ಓಮ್. ಅದೇ 10.9ನ್ನು 66 ಕೆ.ವಿ.ಗೆ ಅನ್ವಯಿಸಿದರೆ 38 ಓಮ್ ಬರುತ್ತದೆ, ಶೇ. 38ರಷ್ಟು ಹೆಚ್ಚು. ತಿರುಗಾಮುರುಗ ತಪ್ಪೂ ಸಾಧ್ಯ. 27.4 ಓಮನ್ನು ಸರಿಯಾಗಿ ತೆಗೆದು, 11 ಕೆ.ವಿ. ಬದಿಗೆ ತರುವಾಗ ಮಾತ್ರ ಹಳೆಯ 66/11 ಅನುಪಾತವನ್ನೇ ಬಳಸಿದರೆ 0.76 ಓಮ್ ಆಗುತ್ತದೆ, ನಿಜವಾದ ಬೆಲೆ 1.055 ಓಮ್. ಆಗ ಫಾಲ್ಟ್ ಕರೆಂಟ್ ಇರುವುದಕ್ಕಿಂತ ಶೇ. 38ರಷ್ಟು ಹೆಚ್ಚಾಗಿ ಕಾಣುತ್ತದೆ. ಇಂಪಿಡೆನ್ಸ್ 10ರಿಂದ 10.9ಕ್ಕೆ ಹೋದದ್ದು ಶೇ. 9ರ ವ್ಯತ್ಯಾಸ, ಆಧಾರ ವೋಲ್ಟೇಜ್ ತಪ್ಪಿದರೆ ಶೇ. 38ರ ವ್ಯತ್ಯಾಸ. ಟ್ಯಾಪಿನ ಪರಿಣಾಮವನ್ನು ಸೇರಿಸಲು ಹೊರಟು ಅದಕ್ಕಿಂತ ನಾಲ್ಕು ಪಟ್ಟು ದೊಡ್ಡ ತಪ್ಪನ್ನು ಒಳಗೆ ಬಿಟ್ಟುಕೊಳ್ಳುವ ಹಾಗಾಗುತ್ತದೆ. ಅದಕ್ಕೇ ಎಲ್ಲವನ್ನೂ ಓಮಿಗೆ ಇಳಿಸಿ, ಫಾಲ್ಟ್ ಆಗುವ ಬದಿಗೆ ಆ ಹೊತ್ತಿನ ನಿಜವಾದ ಅನುಪಾತದಿಂದ ತರುವ ಕ್ರಮವನ್ನೇ ನಾನು ಹಿಡಿದಿದ್ದೇನೆ. ನಿಧಾನದ ದಾರಿ, ಆದರೆ ಪ್ರತಿ ಹೆಜ್ಜೆಯೂ ಕಣ್ಣಿಗೆ ಕಾಣುತ್ತದೆ.

ಟ್ಯಾಪನ್ನೂ ವೋಲ್ಟೇಜನ್ನೂ ಬೇರೆ ಬೇರೆ ಮಾಡಿ ನೋಡುವುದು ಇನ್ನೊಂದು ಅಡ್ಡದಾರಿ. ಟ್ಯಾಪ್ –15ರಲ್ಲಿದೆ, 66 ಕೆ.ವಿ. ಬದಿ ಪೂರ್ತಿ 66 ಇದೆ ಎಂದು ಹಿಡಿದರೆ 11 ಕೆ.ವಿ. ಬಸ್ ಸುಮಾರು 12.9 ಕೆ.ವಿ.ಗೆ ಏರಿರಬೇಕಾಗುತ್ತದೆ. ಅಂಥ ಸ್ಥಿತಿಯಲ್ಲಿ ಯಾವ ಸ್ಟೇಷನ್ನೂ ನಡೆಯುವುದಿಲ್ಲ. ಟ್ಯಾಪ್ ಇಳಿದಿದೆ ಎಂದರೆ ಮೇಲಿನಿಂದ ಬರುವ ವೋಲ್ಟೇಜೇ ಇಳಿದಿದೆ ಎಂದರ್ಥ. ಪಂಪುಗಳು ಓಡುವ ಹೊತ್ತಿನಲ್ಲಿ 66 ಕೆ.ವಿ. ಬಸ್ 60ಕ್ಕೆ ಕುಸಿದಿದೆ, ಟ್ಯಾಪ್ ಅದಕ್ಕೆ ತಕ್ಕಂತೆ ಶೇ. 9ರ ಆಸುಪಾಸಿಗೆ ಇಳಿದು 11 ಕೆ.ವಿ.ಯನ್ನು ಹಿಡಿದಿದೆ, ಅಲ್ಲಿ ಇಂಪಿಡೆನ್ಸ್ ಶೇ. 10.5 ಎಂದುಕೊಳ್ಳೋಣ. ಆಗ ಮೇಲಿನ ಜಾಲದ ಇಂಪಿಡೆನ್ಸ್ 11 ಕೆ.ವಿ. ಬದಿಗೆ 0.242 ಓಮಿನ ಬದಲು 0.293 ಓಮ್ ಆಗಿ ಬರುತ್ತದೆ. ಆ ಜಾಲ ಹಾಗೇ ಇದೆ, ಆದರೂ ಅನುಪಾತ ಬದಲಾದದ್ದರಿಂದ ಕೆಳಗಿನಿಂದ ನೋಡಿದಾಗ ಅದು ಹೆಚ್ಚು ದುರ್ಬಲವಾಗಿ ಕಾಣುತ್ತದೆ. ಇದನ್ನು ಬಹಳ ಮಂದಿ ಮರೆಯುತ್ತಾರೆ. ಟ್ರಾನ್ಸ್‌ಫಾರ್ಮರಿನ 1.016 ಓಮ್ ಸೇರಿ ಒಟ್ಟು 1.31 ಓಮ್, ಫಾಲ್ಟ್ ಕರೆಂಟ್ 4.85 ಕಿಲೋ ಆಂಪಿಯರ್. ಮೊದಲಿನ 5.25ಕ್ಕೆ ಹೋಲಿಸಿದರೆ ಸುಮಾರು ಶೇ. 8 ಕಡಿಮೆ.

'ಶೇ. 8 ತಾನೇ?' ಎಂಬ ಆಕ್ಷೇಪ ಇಲ್ಲೇ ಬರುತ್ತದೆ, ಅದು ನ್ಯಾಯವಾದ ಆಕ್ಷೇಪ. ಮುಖ್ಯ ಟ್ಯಾಪಿನಲ್ಲಿ ಇಂಪಿಡೆನ್ಸ್ ಶೇ. 10 ಅಥವಾ ಹೆಚ್ಚಿದ್ದರೆ ಘೋಷಿತ ಬೆಲೆಗಿಂತ ಶೇ. 7.5ರಷ್ಟು, ಅದಕ್ಕಿಂತ ಕಡಿಮೆಯಿದ್ದರೆ ಶೇ. 10ರಷ್ಟು ಆಚೀಚೆ ಇರಲು ಮಾನಕವೇ ಅವಕಾಶ ಕೊಟ್ಟಿದೆ. ಉಳಿದ ಟ್ಯಾಪುಗಳಿಗೆ ಈ ರಿಯಾಯಿತಿ ಇನ್ನೂ ಹೆಚ್ಚು. 66 ಕೆ.ವಿ. ಬದಿಯ ಫಾಲ್ಟ್ ಲೆವೆಲ್ ಕೂಡ ಒಂದು ಮಾರ್ಗ ದುರಸ್ತಿಗೆ ಹೋದರೆ ಕುಸಿಯುತ್ತದೆ. ಇಷ್ಟೆಲ್ಲ ಅನಿಶ್ಚಿತತೆಯ ನಡುವೆ ಟ್ಯಾಪಿನ ಶೇ. 8 ಏಕೆ? ಬ್ರೇಕರಿನ ಮಟ್ಟಿಗೆ ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. 11 ಕೆ.ವಿ. ಬ್ರೇಕರುಗಳು ಇಂದು 25 ಕಿಲೋ ಆಂಪಿಯರ್ ಕಡಿಯಬಲ್ಲವು. ಹಳೆಯ 350 ಎಂ.ವಿ.ಎ. ದರ್ಜೆಯವೂ 18.4 ಕಿಲೋ ಆಂಪಿಯರ್ ತಡೆಯುತ್ತವೆ. ನಮ್ಮ ಉದಾಹರಣೆಯ ಸ್ಟೇಷನ್ನಿನಲ್ಲಿ ಇಂಥವೇ ಎರಡು ಟ್ರಾನ್ಸ್‌ಫಾರ್ಮರುಗಳನ್ನು ಪ್ಯಾರಲೆಲ್ ಮಾಡಿ, 66 ಕೆ.ವಿ. ಬದಿಗೆ 800 ಎಂ.ವಿ.ಎ. ಕೊಟ್ಟರೂ 10 ಕಿಲೋ ಆಂಪಿಯರ್ ಮೀರುವುದು ಕಷ್ಟ. ಟ್ಯಾಪ್ ಅಲ್ಲಿ ಎಷ್ಟು ಕುಣಿದರೂ ಬ್ರೇಕರಿಗೆ ಏನೂ ಆಗುವುದಿಲ್ಲ. ಟ್ರಾನ್ಸ್‌ಫಾರ್ಮರಿನ ಸುರುಳಿಗಳ ಮಾತು ಸ್ವಲ್ಪ ಬೇರೆ. ಸ್ಟೇಷನ್ನಿನ ಹತ್ತಿರ ಮರದ ಕೊಂಬೆ ಬಿದ್ದಾಗಲೆಲ್ಲ ಅವುಗಳ ಮೇಲೆ ಬೀಳುವ ಬಲ ಕರೆಂಟಿನ ವರ್ಗಕ್ಕೆ ಅನುಗುಣ, ಆದ್ದರಿಂದ ಕರೆಂಟ್ ಶೇ. 9 ಹೆಚ್ಚಿದರೆ ಬಲ ಶೇ. 19 ಹೆಚ್ಚುತ್ತದೆ. ಐ.ಎಸ್. 2026 ಎಂಬ ಭಾರತೀಯ ಮಾನಕದ ಐದನೇ ಭಾಗ ಇದಕ್ಕೆಂದೇ ಇದೆ. ಆದರೂ 11 ಕೆ.ವಿ. ಮಟ್ಟದಲ್ಲಿ ಗರಿಷ್ಠದ ಕಡೆ ನಮ್ಮ ತಾಲ್ಲೂಕುಗಳಲ್ಲಿ ಉಸಿರಾಡಲು ಜಾಗವಿದೆ ಎಂಬುದು ನನ್ನ ತೀರ್ಮಾನ.

ಜಾಗ ಇಲ್ಲದಿರುವುದು ಇನ್ನೊಂದು ತುದಿಯಲ್ಲಿ. ಚಿಂತಾಮಣಿ, ಶಿಡ್ಲಘಟ್ಟದ ಕಡೆ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದಿವೆ. ಅಷ್ಟು ಆಳದಿಂದ ನೀರೆತ್ತುವ ಮೋಟಾರುಗಳು ದೊಡ್ಡವು. ಅವುಗಳಿಗೆ ಕರೆಂಟ್ ಒಯ್ಯುವ 11 ಕೆ.ವಿ. ಮಾರ್ಗಗಳು ಹೊಲದಿಂದ ಹೊಲಕ್ಕೆ, ಒಂದು ಟಿ.ಸಿ.ಯಿಂದ (ವಿತರಣಾ ಟ್ರಾನ್ಸ್‌ಫಾರ್ಮರಿನಿಂದ) ಇನ್ನೊಂದಕ್ಕೆ ಕವಲೊಡೆಯುತ್ತ ಬಹುದೂರ ಹೋಗುತ್ತವೆ. 20 ಕಿ.ಮೀ. ಉದ್ದದ ಒಂದು ಮಾರ್ಗ ತೆಗೆದುಕೊಳ್ಳಿ, ತಂತಿ ರ್‍ಯಾಬಿಟ್ ಕಂಡಕ್ಟರ್, ಕಿ.ಮೀ.ಗೆ ಸುಮಾರು 0.55 ಓಮ್ ರೆಸಿಸ್ಟೆನ್ಸ್, 0.36 ಓಮ್ ರಿಯಾಕ್ಟೆನ್ಸ್. ಕೊನೆಯಲ್ಲಿ ಮೂರೂ ಫೇಸು ಕೂಡಿದರೆ ಬರುವ ಕರೆಂಟ್ 459 ಆಂಪಿಯರ್. ಸ್ಟೇಷನ್ನಿನಲ್ಲಿ ಐದು ಸಾವಿರ ಇದ್ದದ್ದು ಇಲ್ಲಿ ಐನೂರೂ ಇಲ್ಲ. ಎರಡೇ ಫೇಸು ಕೂಡಿದರೆ 397. ಬಿಸಿಲಿಗೂ ಲೋಡಿಗೂ ತಂತಿ 75 ಡಿಗ್ರಿಗೆ ಕಾದಿದ್ದರೆ ರೆಸಿಸ್ಟೆನ್ಸ್ ಶೇ. 22 ಏರುತ್ತದೆ, ಆಗ ಎರಡು ಫೇಸಿನ ಫಾಲ್ಟ್ 348 ಆಂಪಿಯರ್. ಕೊನೆಯ 10 ಕಿ.ಮೀ. ಸಣ್ಣ ವೀಸಲ್ ತಂತಿಯಾಗಿದ್ದರೆ ಕಾದ ಹೊತ್ತಿನಲ್ಲಿ ಅದು 280ರ ಆಸುಪಾಸಿಗೆ ಇಳಿಯುತ್ತದೆ. ಈಗ ಇದರ ಎದುರಿಗೆ ಲೋಡನ್ನು ಇಟ್ಟು ನೋಡಿ. ತ್ರೀ ಫೇಸ್ ಬಂದ ತಕ್ಷಣ ಆಟೋ ಸ್ಟಾರ್ಟರುಗಳು ಮೋಟಾರುಗಳನ್ನು ಒಟ್ಟೊಟ್ಟಿಗೆ ಹೊರಡಿಸುತ್ತವೆ. ಹೊರಡುವಾಗ ಪ್ರತಿ ಮೋಟಾರೂ ತನ್ನ ಸಾಮಾನ್ಯ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಆಗ ಫೀಡರ್ ಟ್ರಿಪ್ ಆಗಬಾರದೆಂದು, ಬ್ರೇಕರಿಗೆ ಕಡಿಯಲು ಹೇಳುವ ರಿಲೇಯನ್ನು 300 ಆಂಪಿಯರಿಗೆ, ಕೆಲವೆಡೆ ಅದಕ್ಕೂ ಮೇಲೆ ಇಡಬೇಕಾಗುತ್ತದೆ. ಲೋಡೂ ಫಾಲ್ಟೂ ಒಂದೇ ಅಳತೆಗೆ ಬಂದು ನಿಂತಾಗ, ಕರೆಂಟನ್ನು ಮಾತ್ರ ಅಳೆಯುವ ರಿಲೇ ಇದು ಪಂಪೋ ಕಡಿದು ಕೂಡಿಕೊಂಡ ತಂತಿಯೋ ಎಂದು ಹೇಗೆ ತಿಳಿಯಬೇಕು?

ಈ ತುದಿಗೂ ಟ್ಯಾಪಿಗೂ ಏನು ಸಂಬಂಧ ಎಂದು ಬಲ್ಲವರು ಕೇಳುತ್ತಾರೆ, ನನ್ನ ವಾದಕ್ಕೆ ಎದುರಾಗುವ ಅತ್ಯಂತ ಗಟ್ಟಿ ಪ್ರಶ್ನೆ ಅದು. ತಂತಿಯೇ ಹದಿನಾಲ್ಕು ಹದಿನಾರು ಓಮ್ ಇರುವಾಗ ಟ್ರಾನ್ಸ್‌ಫಾರ್ಮರಿನ ಇಂಪಿಡೆನ್ಸ್ 0.97 ಇದ್ದರೇನು, 1.05 ಇದ್ದರೇನು? ಶೇ. 1ರಷ್ಟೂ ವ್ಯತ್ಯಾಸವಾಗದು. ನಿಜ. ದೂರದ ತುದಿಯಲ್ಲಿ ಟ್ಯಾಪ್ ಕೆಲಸ ಮಾಡುವುದು ಇಂಪಿಡೆನ್ಸಿನ ಮೂಲಕ ಅಲ್ಲ, ವೋಲ್ಟೇಜಿನ ಮೂಲಕ. ಹನಿ ನೀರಾವರಿ ಪೈಪಿನ ಕೊನೆಯ ಗಿಡಕ್ಕೆ ತಲುಪುವ ನೀರು ಪಂಪಿನ ಬಳಿಯ ಒತ್ತಡವನ್ನೇ ನೆಚ್ಚಿಕೊಂಡಿರುವ ಹಾಗೆ, ಇಲ್ಲಿನ ಫಾಲ್ಟ್ ಕರೆಂಟ್ ಬಸ್ಸಿನ ವೋಲ್ಟೇಜಿಗೆ ನೇರ ಅನುಪಾತದಲ್ಲಿರುತ್ತದೆ. ಟ್ಯಾಪನ್ನು ತಾನಾಗಿ ಬದಲಾಯಿಸುವ ಸಾಧನ ಬಂದ್ ಆಗಿ ಒಂದೇ ಸ್ಥಾನದಲ್ಲಿ ನಿಂತಿದ್ದರೆ, ಅಥವಾ ಕೊನೆಯ ಸ್ಥಾನ ಮುಟ್ಟಿ ಇನ್ನು ಇಳಿಯಲು ಮೆಟ್ಟಿಲೇ ಉಳಿದಿಲ್ಲದಿದ್ದರೆ, ಪಂಪಿನ ಹೊತ್ತಿನಲ್ಲಿ ಬಸ್ 11ರ ಬದಲು 10.2 ಕೆ.ವಿ.ಗೆ ಇಳಿಯಬಹುದು. ಆಗ 348 ಆಂಪಿಯರ್ ಸುಮಾರು 323 ಆಗುತ್ತದೆ. ಸ್ಟೇಷನ್ನಿನ ಬಳಿ ಟ್ಯಾಪ್ ಎಂದರೆ ಮುಖ್ಯವಾಗಿ ಇಂಪಿಡೆನ್ಸ್, ಮಾರ್ಗದ ಕೊನೆಯಲ್ಲಿ ಟ್ಯಾಪ್ ಎಂದರೆ ವೋಲ್ಟೇಜ್. ಲೆಕ್ಕ ಹಾಕುವ ಜಾಗ ಬದಲಾದಂತೆ ಟ್ಯಾಪಿನ ಯಾವ ಗುಣವನ್ನು ಹಿಡಿಯಬೇಕು ಎಂಬುದೂ ಬದಲಾಗುತ್ತದೆ. ಈ ಕೆಲಸದಲ್ಲಿ ನಾನು ಕಲಿತ ಪಾಠಗಳಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಇದೇ.

25 ಆಂಪಿಯರ್ ಕಡಿಮೆಯಾದರೆ ಆಕಾಶ ಬೀಳುತ್ತದೆಯೇ? ರಿಲೇಯ ಸಮಯದ ಸೂತ್ರಕ್ಕೆ ಹಾಕಿ ನೋಡಿ. ಸಾಮಾನ್ಯವಾಗಿ ಬಳಸುವ, ಕರೆಂಟ್ ಹೆಚ್ಚಿದಷ್ಟೂ ಬೇಗ ಕೆಲಸ ಮಾಡುವ ಇನ್ವರ್ಸ್ ಟೈಮ್ ರಿಲೇಯ ಹೊಂದಿಕೆ 300 ಆಂಪಿಯರ್, ಟೈಮ್ ಮಲ್ಟಿಪ್ಲೈಯರ್ 0.1 ಇದ್ದರೆ, 348 ಆಂಪಿಯರಿಗೆ ಸೂತ್ರ ಕೊಡುವ ಸಮಯ ಸುಮಾರು 4.7 ಸೆಕೆಂಡು. 323 ಆಂಪಿಯರಿಗೆ ಸುಮಾರು ಒಂಬತ್ತೂವರೆ ಸೆಕೆಂಡು. ವೋಲ್ಟೇಜ್ ಶೇ. 7 ಇಳಿದದ್ದಕ್ಕೆ ಸಮಯ ಎರಡು ಪಟ್ಟಾಯಿತು. ಅದೂ ಸೂತ್ರದ ಮಾತು, ಹೊಂದಿಕೆಯ ಮಟ್ಟಕ್ಕೆ ಇಷ್ಟು ಹತ್ತಿರದಲ್ಲಿ ರಿಲೇ ಕೆಲಸ ಮಾಡಿಯೇ ತೀರುತ್ತದೆ ಎಂಬ ಭರವಸೆಯನ್ನು ಯಾರೂ ಕೊಡುವುದಿಲ್ಲ. ಬಸ್ಸಿನ ಬಳಿ ಶೇ. 8 ಎಂದರೆ ಏನೂ ಅಲ್ಲ, ಇಲ್ಲಿ ಅಷ್ಟೇ ಶೇಕಡಾವಾರು ಒಂದು ತಂತಿ ಎಷ್ಟು ಹೊತ್ತು ಜೀವಂತವಾಗಿ ಉರಿಯುತ್ತ ಇರಬೇಕು ಎಂಬುದನ್ನು ನಿರ್ಧರಿಸುತ್ತದೆ. ತಂತಿ ಕಡಿದು ಒಣ ನೆಲದ ಮೇಲೆ ಬಿದ್ದರೆ ಹರಿಯುವ ಕರೆಂಟ್ ಇದಕ್ಕಿಂತಲೂ ಎಷ್ಟೋ ಕಡಿಮೆ. ಅದಕ್ಕೆ ಅರ್ಥ್ ಫಾಲ್ಟ್ ರಿಲೇಯೇ ಬೇಕು, ಅದು ಬೇರೆಯೇ ಲೆಕ್ಕ. ಫೇಸಿನ ರಿಲೇಯನ್ನು ನೆಚ್ಚಿ ಅದನ್ನು ಸಡಿಲ ಬಿಡುವಂತಿಲ್ಲ ಎಂದಷ್ಟೇ ಇಲ್ಲಿ ಹೇಳುತ್ತೇನೆ.

ಮಾನಕವನ್ನು ಎತ್ತಿ ಆಕ್ಷೇಪಿಸುವವರೂ ಇದ್ದಾರೆ. ಐ.ಇ.ಸಿ. 60909 ಟ್ಯಾಪಿನ ಗೊಂದಲಕ್ಕೆ ಪರಿಹಾರವಾಗಿ ಒಂದು ತಿದ್ದುಪಡಿ ಗುಣಾಂಕ ಕೊಟ್ಟಿದೆ. ಶೇ. 10 ರಿಯಾಕ್ಟೆನ್ಸಿನ ಟ್ರಾನ್ಸ್‌ಫಾರ್ಮರಿಗೆ ಅದು 0.986 ಆಗುತ್ತದೆ. ಇಂಪಿಡೆನ್ಸನ್ನು ಅದರಿಂದ ಗುಣಿಸಿದರೆ ಟ್ಯಾಪ್ ಎಲ್ಲಿದೆ ಎಂದು ಹುಡುಕುವ ಅಗತ್ಯವೇ ಇಲ್ಲವಲ್ಲ? ಆ ಗುಣಾಂಕದ ಬಗ್ಗೆ ನನಗೆ ಗೌರವವಿದೆ. ಟ್ಯಾಪಿನ ಸ್ಥಾನ ಗೊತ್ತಿಲ್ಲದಾಗ ಗರಿಷ್ಠ ಕರೆಂಟನ್ನು ಸುರಕ್ಷಿತವಾಗಿ ಅಂದಾಜು ಮಾಡಲು ಅದು ಜಾಣ್ಮೆಯ ಮಾರ್ಗ. ಆದರೆ ಅದೇ ಮಾನಕ ಕನಿಷ್ಠದ ಲೆಕ್ಕಕ್ಕೆ ಒಂದು ಕೆ.ವಿ.ಗಿಂತ ಮೇಲಿನ ಜಾಲಗಳಲ್ಲಿ ವೋಲ್ಟೇಜ್ ಗುಣಾಂಕವನ್ನು 1 ಎಂದು ಹಿಡಿಯುತ್ತದೆ. ಎಂದರೆ ಬಸ್ ತನ್ನ 11 ಕೆ.ವಿ.ಯಲ್ಲೇ ಇದೆ ಎಂದು ನಂಬುತ್ತದೆ. ಟ್ಯಾಪ್ ಸರಿಯಾಗಿ ನಡೆಯುವ, ವೋಲ್ಟೇಜ್ ಬಿಗಿಯಾಗಿ ನಿಲ್ಲುವ ಊರಿಗೆ ಆ ನಂಬಿಕೆ ಸರಿ. ಪಂಪಿನ ಹೊತ್ತಿನಲ್ಲಿ ಬಸ್ 10.2ಕ್ಕೆ ಕೂರುವ ಸ್ಟೇಷನ್ನಿಗೆ ಸರಿಯಲ್ಲ. ಅಲ್ಲಿ ಮಾನಕದ 1ರ ಜಾಗದಲ್ಲಿ ಸ್ಟೇಷನ್ನಿನ ಲಾಗ್ ಪುಸ್ತಕದಲ್ಲಿ ಗಂಟೆಗೊಮ್ಮೆ ಬರೆದ ವೋಲ್ಟೇಜಿನ ಪೈಕಿ ಅತಿ ಕಡಿಮೆಯದನ್ನು ಬಳಸಬೇಕು. ಸಾಫ್ಟ್‌ವೇರ್ ಇದನ್ನೆಲ್ಲ ನೋಡಿಕೊಳ್ಳುತ್ತದೆ ಎಂಬ ಮಾತಿಗೂ ನನ್ನ ಉತ್ತರ ಇದೇ. ತುದಿ ಟ್ಯಾಪುಗಳ ಇಂಪಿಡೆನ್ಸ್ ತುಂಬುವ ಖಾನೆಗಳನ್ನು ಖಾಲಿ ಬಿಟ್ಟರೆ ಸಾಫ್ಟ್‌ವೇರ್ ಮುಖ್ಯ ಟ್ಯಾಪಿನ ಬೆಲೆಯಿಂದಲೇ ಮುಂದೆ ಸಾಗುತ್ತದೆ, ಕೊನೆಗೆ ನಾಲ್ಕು ದಶಾಂಶ ಸ್ಥಾನದ ಉತ್ತರ ಕೊಡುತ್ತದೆ. ಇನ್ನು, ಉಳಿದ ಪಂಪುಗಳ ಲೋಡ್ ಕರೆಂಟ್ ಫಾಲ್ಟಿನ ಜೊತೆ ಸೇರಿ ರಿಲೇಗೆ ಹೆಚ್ಚೇ ಕಾಣುತ್ತದೆ ಎನ್ನುವವರಿಗೆ ಒಂದು ಮಾತು: ಆ ಲೋಡ್ ಒಂದು ಹೊತ್ತಿಗೆ ಇರುತ್ತದೆ, ಇನ್ನೊಂದು ಹೊತ್ತಿಗೆ ಇರುವುದಿಲ್ಲ. ಪಕ್ಕದ ಹೊಲದ ಪಂಪ್ ಓಡುತ್ತಿದೆ ಎಂಬ ಭರವಸೆಯ ಮೇಲೆ ರಕ್ಷಣೆಯನ್ನು ಕಟ್ಟಲಾಗದು.

ಹಾಗಾದರೆ ರಿಲೇ ಹೊಂದಿಕೆಯನ್ನು ಇಳಿಸಿಬಿಡಿ ಎಂದು ನಾನು ಹೇಳುತ್ತಿಲ್ಲ. ಇಳಿಸಿದರೆ ತ್ರೀ ಫೇಸ್ ಬಂದಾಗಲೆಲ್ಲ ಫೀಡರ್ ಬೀಳುತ್ತದೆ, ದಿನಕ್ಕೆ ತ್ರೀ ಫೇಸ್ ಸಿಗುವ ಏಳು ಗಂಟೆಯಲ್ಲೂ ರೈತರಿಗೆ ನೀರು ಹರಿಯದು. ಮಾರ್ಗದ ನಡುವೆ ಇನ್ನೊಂದು ರಕ್ಷಣೆ, ರೀಕ್ಲೋಸರೋ ಲೆಕ್ಕ ಹಾಕಿ ಆರಿಸಿದ ಫ್ಯೂಸೋ, ಕೊಟ್ಟು ಕೊನೆಯ ಭಾಗವನ್ನು ಅದಕ್ಕೆ ಒಪ್ಪಿಸುವುದು ಸರಿಯಾದ ದಾರಿ. 15ನೇ ಕಿ.ಮೀ.ನ ನಂತರದ ಕವಲಿನಲ್ಲಿ ಲೋಡ್ ಬರೀ 60, 70 ಆಂಪಿಯರ್ ಇರಬಹುದು, ಅಲ್ಲಿ 300 ಆಂಪಿಯರಿನ ಫಾಲ್ಟ್ ಎದ್ದು ಕಾಣುತ್ತದೆ. ಆದರೆ ಎಲ್ಲಿ ಇಡಬೇಕು, ಎಷ್ಟಕ್ಕೆ ಇಡಬೇಕು ಎಂಬುದಕ್ಕೆ ಉತ್ತರ ಕನಿಷ್ಠ ಫಾಲ್ಟಿನ ಲೆಕ್ಕದಿಂದಲೇ ಬರಬೇಕು. ಗರಿಷ್ಠವನ್ನು ಮಾತ್ರ ಇಟ್ಟುಕೊಂಡವರಿಗೆ ಅಂಥ ಜಾಗ ಒಂದಿದೆ ಎಂಬುದೇ ತೋರದು.

ಪೇಟೆಯ ಒಳಗೆ ಚಿತ್ರ ತಿರುವುಮುರುವು, ಅಲ್ಲಿ ಅಪಾಯ ಗರಿಷ್ಠದ ಕಡೆ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕಗಳು ಟಿ.ಸಿ.ಗೆ ಹತ್ತಿರದಲ್ಲೇ ಇರುತ್ತವೆ. ಶೇ. 4.5 ಇಂಪಿಡೆನ್ಸಿನ 250 ಕೆ.ವಿ.ಎ. ಟಿ.ಸಿ. ತನ್ನ ಬುಡದಲ್ಲಿ 7.4 ಕಿಲೋ ಆಂಪಿಯರ್ ಕೊಡಬಲ್ಲದು. ಅದರ ಮಗ್ಗುಲಲ್ಲೇ ಇರುವ ಘಟಕಕ್ಕೆ 3 ಅಥವಾ 6 ಕಿಲೋ ಆಂಪಿಯರಿನ ಅಗ್ಗದ ಎಂ.ಸಿ.ಬಿ. ಹಾಕಿದರೆ ಫಾಲ್ಟ್ ಆದ ದಿನ ಅದು ಕಡಿಯುವುದರ ಬದಲು ತಾನೇ ಸಿಡಿಯಬಹುದು. ಹೊಲದ ಬದಿಯ 25, 63, 100 ಕೆ.ವಿ.ಎ. ಟಿ.ಸಿ.ಗಳಲ್ಲಿ ಸಾಮಾನ್ಯವಾಗಿ ಟ್ಯಾಪೇ ಇರುವುದಿಲ್ಲ, ಅಲ್ಲಿ ಈ ಚರ್ಚೆ ಬೇಕಿಲ್ಲ. ಗೌರಿಬಿದನೂರಿನಂಥ ಕಡೆ ಕಾರ್ಖಾನೆಗಳು ತಾವೇ ಹಾಕಿಸಿಕೊಂಡ 500 ಕೆ.ವಿ.ಎ. ಅಥವಾ ಇನ್ನೂ ದೊಡ್ಡ ಟ್ರಾನ್ಸ್‌ಫಾರ್ಮರುಗಳಲ್ಲಿ ಮಾತ್ರ ಕರೆಂಟ್ ತೆಗೆದು ಕೈಯಿಂದ ತಿರುಗಿಸುವ ಟ್ಯಾಪ್ ಇರುತ್ತದೆ, ಮೆಟ್ಟಿಲಿಗೆ ಶೇ. 2.5ರಂತೆ. ವೋಲ್ಟೇಜ್ ಸೊರಗಿದ್ದ ಕಾಲದಲ್ಲಿ ಅದನ್ನು –5ಕ್ಕೆ ತಿರುಗಿಸಿ ಬಿಟ್ಟಿರುತ್ತಾರೆ. ಆಮೇಲೆ ಹತ್ತಿರದಲ್ಲೇ ಹೊಸ ಸಬ್‌ಸ್ಟೇಷನ್ ಬರುತ್ತದೆ, ನಿರಂತರ ಜ್ಯೋತಿಯಂಥ ಯೋಜನೆಯಲ್ಲಿ ಪಂಪಿನ ಫೀಡರ್ ಬೇರೆಯಾಗುತ್ತದೆ, ಮಾರ್ಗ ಪೂರ್ತಿ 11 ಕೆ.ವಿ.ಗೆ ಏರುತ್ತದೆ. ಟ್ಯಾಪ್ ಮಾತ್ರ ಅಲ್ಲೇ ಉಳಿಯುತ್ತದೆ. ಈಗ ಒಳಗಿನ ವೋಲ್ಟೇಜ್ 433 ಅಲ್ಲ, ಹತ್ತಿರ ಹತ್ತಿರ 456. ಟ್ಯಾಪ್ ವೋಲ್ಟೇಜ್ ಜೋಡಿ ಎಂದು ಮೇಲೆ ಹೇಳಿದೆನಲ್ಲ, ಆ ಜೋಡಿ ಮುರಿದು ನಿಲ್ಲುವ ನಿಜವಾದ ಉದಾಹರಣೆ ಇದು. ಇಲ್ಲಿ ಗರಿಷ್ಠದ ಲೆಕ್ಕಕ್ಕೆ ಹೆಚ್ಚಿದ ವೋಲ್ಟೇಜನ್ನೂ ಆ ಟ್ಯಾಪಿನ ಇಂಪಿಡೆನ್ಸನ್ನೂ ಒಟ್ಟಿಗೆ ಸೇರಿಸಲೇಬೇಕು.

ಮಾಹಿತಿ ಎಲ್ಲಿದೆ ಎಂಬುದೂ ಈ ಲೆಕ್ಕದ ಒಂದು ಭಾಗವೇ. 1999ರಲ್ಲಿ ಕರ್ನಾಟಕ ವಿದ್ಯುತ್ ಮಂಡಳಿಯ ಜಾಗಕ್ಕೆ ಕೆ.ಪಿ.ಟಿ.ಸಿ.ಎಲ್. ಬಂತು, 2002ರಲ್ಲಿ ವಿತರಣೆ ಬೇರೆಯಾಗಿ ಬೆಸ್ಕಾಂ ಆಯಿತು. ಹಾಗಾಗಿ ನಮ್ಮ ಕಡೆ 66/11 ಕೆ.ವಿ. ಟ್ರಾನ್ಸ್‌ಫಾರ್ಮರು, ಅದರ ಟ್ಯಾಪು, ಅದರ ಟೆಸ್ಟ್ ರಿಪೋರ್ಟು ಪ್ರಸರಣದವರ ಬಳಿ, 11 ಕೆ.ವಿ. ಮಾರ್ಗದ ಉದ್ದ, ತಂತಿಯ ಗಾತ್ರ, ಕವಲು, ಲೋಡು ವಿತರಣೆಯವರ ಬಳಿ. ಗರಿಷ್ಠ ಲೆವೆಲ್ ಬೇಕಾದರೆ ಮೊದಲಿನ ಕಡತವೊಂದೇ ಸಾಕು. ಕನಿಷ್ಠ ಬೇಕಾದರೆ ಎರಡನ್ನೂ ಒಂದೇ ಮೇಜಿನ ಮೇಲೆ ಹರಡಬೇಕು. ಕನಿಷ್ಠದ ಲೆಕ್ಕ ಅಪರೂಪವಾಗಿರುವುದಕ್ಕೆ ಇದೇ ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ, ಗಣಿತ ಕಠಿಣವೆಂದಲ್ಲ. ಮಾರ್ಗಕ್ಕೆ ಹೊಸದಾಗಿ ಎರಡು ಕಿ.ಮೀ. ಸೇರಿದರೆ ಆ ಸುದ್ದಿ ರಿಲೇ ಹೊಂದಿಸುವವರಿಗೆ ತಲುಪಬೇಕು, ಟ್ಯಾಪ್ ಚೇಂಜರ್ ಮ್ಯಾನ್ಯುಯಲ್ಲಿಗೆ ಬಂದರೆ ಆ ಸುದ್ದಿ ಮಾರ್ಗ ನೋಡಿಕೊಳ್ಳುವವರಿಗೆ ತಲುಪಬೇಕು. ಸಮಯವಿಲ್ಲ ಎನ್ನುವ ಕ್ಷೇತ್ರದ ಇಂಜಿನಿಯರುಗಳ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ನಾನು ಕೇಳುತ್ತಿರುವುದು ಫೀಡರಿಗೆ ಒಂದು ಹಾಳೆ. ಅದರಲ್ಲಿ ಬಸ್ಸಿನ ಗರಿಷ್ಠ, ಕೊನೆಯ ಕಂಬದ ಕನಿಷ್ಠ, ಪ್ರತಿ ಅಂಕಿಯ ಪಕ್ಕ ಅದು ಯಾವ ಟ್ಯಾಪಿಗೆ, ಎಷ್ಟು ವೋಲ್ಟೇಜಿಗೆ, ತಂತಿ ಎಷ್ಟು ಕಾದಿದ್ದಾಗ ಎಂಬ ಮೂರು ಮಾತು.

ಈ ಹಾಳೆ ಈಗ ಮೊದಲಿಗಿಂತ ತುರ್ತಾಗಿ ಬೇಕು. 2025ರಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಕುಸುಮ್-ಸಿ ಯೋಜನೆಯ ಸೌರ ಸ್ಥಾವರ ಉದ್ಘಾಟನೆಯಾಯಿತು. ಪಂಪ್‌ಸೆಟ್ಟುಗಳ ಫೀಡರಿಗೆ ಹಗಲಿನಲ್ಲಿ ಬಿಸಿಲಿನ ಕರೆಂಟನ್ನೇ ಕೊಡುವ ಯೋಜನೆ ಅದು, ನಮ್ಮ ತಾಲ್ಲೂಕುಗಳಿಗೆ ಒಳ್ಳೆಯದು. ಫಾಲ್ಟ್ ಆದಾಗ ಸೌರ ಇನ್ವರ್ಟರುಗಳು ತಮ್ಮ ಸಾಮಾನ್ಯ ಕರೆಂಟಿಗಿಂತ ಸ್ವಲ್ಪವೇ ಹೆಚ್ಚು ಕೊಡುತ್ತವೆ, ಆದ್ದರಿಂದ ಗರಿಷ್ಠದ ಅಂಕಿ ಹೆಚ್ಚೇನೂ ಏರದು. ಟ್ಯಾಪಿನ ದಿನಚರಿ ಮಾತ್ರ ಬದಲಾಗುತ್ತದೆ. ಇಷ್ಟು ಕಾಲ ಪಂಪಿನ ಹೊತ್ತು ಎಂದರೆ ವೋಲ್ಟೇಜ್ ಇಳಿದ ಹೊತ್ತು, ಟ್ಯಾಪ್ ಕೆಳಗೆ ಹೋದ ಹೊತ್ತು. ಇನ್ನು ನಡುಹಗಲಿನಲ್ಲಿ ಪಂಪುಗಳು ಓಡುತ್ತಿರುವಾಗಲೂ ಬಿಸಿಲು ಚೆನ್ನಾಗಿದ್ದರೆ ಟ್ರಾನ್ಸ್‌ಫಾರ್ಮರಿನ ಮೇಲಿನ ಲೋಡ್ ಇಳಿದು, ವೋಲ್ಟೇಜ್ ಏರಿ, ಟ್ಯಾಪ್ ಮೇಲಿನ ಸ್ಥಾನಕ್ಕೆ ಹೋಗಿರುತ್ತದೆ. ಮೋಡ ಕವಿದು ಸ್ಥಾವರದ ಉತ್ಪಾದನೆ ತಟ್ಟನೆ ಕುಸಿದರೆ ಅಷ್ಟೂ ಲೋಡ್ ಟ್ರಾನ್ಸ್‌ಫಾರ್ಮರಿನ ಮೇಲೆ ಬೀಳುತ್ತದೆ. ಆದರೆ ಟ್ಯಾಪ್ ಚೇಂಜರ್ ಪ್ರತಿ ಸಣ್ಣ ಏರಿಳಿತಕ್ಕೂ ಓಡಾಡಬಾರದೆಂದು ಬೇಕೆಂದೇ ವಿಳಂಬ ಇಟ್ಟಿರುತ್ತಾರೆ, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯಲು ಅದಕ್ಕೆ ಹೊತ್ತು ಹಿಡಿಯುತ್ತದೆ. ಆ ಅವಧಿಯಲ್ಲಿ ಟ್ಯಾಪ್ ಬಿಸಿಲಿನ ಸ್ಥಾನದಲ್ಲಿ, ಲೋಡ್ ಮೋಡದ ಸ್ಥಿತಿಯಲ್ಲಿ, ಬಸ್ಸಿನ ವೋಲ್ಟೇಜ್ ಅತಿ ಕೆಳಗೆ, ಪಂಪುಗಳೆಲ್ಲ ಓಡುತ್ತ, ತಂತಿ ಕಾದು ನಿಂತಿರುತ್ತದೆ. ಕನಿಷ್ಠ ಫಾಲ್ಟ್ ಕರೆಂಟಿನ ಲೆಕ್ಕಕ್ಕೆ ಇನ್ನು ಮುಂದೆ ಗಂಟೆಗೊಮ್ಮೆ ಬರೆದ ಲಾಗ್ ಓದಿದರೆ ಸಾಲದು. ಆ ಮೋಡದ ನಿಮಿಷಗಳ ವೋಲ್ಟೇಜನ್ನೂ ಟ್ಯಾಪ್ ಸ್ಥಾನವನ್ನೂ ಮೀಟರಿನ ದಾಖಲೆಯಿಂದ ತೆಗೆದು, ಅದಕ್ಕೆಂದೇ ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಬೇಕು.